ಎಟಿವಿಯ ಹಿಂದಿನ ಸ್ವಿಂಗ್‌ಆರ್ಮ್ ಮತ್ತು ಆಕ್ಸಲ್ ಕ್ಯಾರಿಯರ್: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಇರುವುದು ಅರಿಜೋನಾದ ಫೀನಿಕ್ಸ್ ಹತ್ತಿರ. ಗ್ಯಾರೇಜಿನಲ್ಲಿ ಒಂದು ಹೋಂಡಾ ಟಿಆರ್‌ಎಕ್ಸ್400ಇಎಕ್ಸ್ ಎಟಿವಿ ಇದೆ, ಅಂದರೆ ದಪ್ಪ ಟೈರುಗಳ, ಹ್ಯಾಂಡಲ್ ಹಿಡಿದು ಓಡಿಸುವ ನಾಲ್ಕು ಚಕ್ರದ ಗಾಡಿ. ಚಳಿಗಾಲ ಬಂತೆಂದರೆ ಅದನ್ನು ಟ್ರೇಲರ್‌ಗೆ ಹತ್ತಿಸಿಕೊಂಡು ಕ್ಯಾಲಿಫೋರ್ನಿಯಾದ ಗ್ಲಾಮಿಸ್ ಮರಳುಗುಡ್ಡಗಳಿಗೆ ಹೋಗುತ್ತೇವೆ. ಜೊತೆಗೆ ಓಡಿಸುವ ಕನ್ನಡದ ಗೆಳೆಯರು, ಊರಿಂದ ಫೋನ್ ಮಾಡುವ ಹುಡುಗರು, ಕೊಡಗಿನಲ್ಲಿ ಎಟಿವಿ ಬಾಡಿಗೆಗೆ ಬಿಡುವ ಪರಿಚಯದವರು, ಎಲ್ಲರೂ ಗಾಡಿಯ ಹಿಂಭಾಗದ ಬಗ್ಗೆ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು. ಅವರು ಕೇಳಿದ ಮಾತಿನಲ್ಲೇ ಬರೆದಿದ್ದೇನೆ.

## ಮೊದಲು ಇಷ್ಟು

ಸ್ವಿಂಗ್‌ಆರ್ಮ್, ಕ್ಯಾರಿಯರ್ ಎರಡೂ ಒಂದೇ ಅಲ್ವಾ?

ಅಲ್ಲ. ಸ್ವಿಂಗ್‌ಆರ್ಮ್ ಅಂದರೆ ಹಿಂದಿನ ಚಕ್ರಗಳನ್ನು ಫ್ರೇಮಿಗೆ ಸೇರಿಸುವ ತೋಳು. ಅದರ ಮುಂದಿನ ತುದಿಯಲ್ಲಿ ಒಂದು ಉದ್ದನೆಯ ಪಿವಟ್ ಬೋಲ್ಟ್ ಇರುತ್ತದೆ. ಬಾಗಿಲು ಕೀಲಿನ ಮೇಲೆ ಆಡುವ ಹಾಗೆ ತೋಳು ಆ ಬೋಲ್ಟಿನ ಮೇಲೆ ಮೇಲೆ ಕೆಳಗೆ ಆಡುತ್ತದೆ. ತೋಳಿನ ಹಿಂದಿನ ತುದಿಯಲ್ಲಿ ಕೂತಿರುವ ದಪ್ಪ ಕೊಳವೆಯೇ ಕ್ಯಾರಿಯರ್. ಅದರ ಎರಡು ಬದಿಗೆ ಬೇರಿಂಗ್, ನಡುವೆ ಹಿಂದಿನ ಎರಡೂ ಚಕ್ರಗಳನ್ನು ಸೇರಿಸುವ ಗಟ್ಟಿ ಸರಳು, ಅಂದರೆ ಆಕ್ಸಲ್. ಇಂಜಿನ್ನಿನ ಎಳೆತ, ಜಿಗಿದು ಇಳಿದಾಗಿನ ಪೆಟ್ಟು, ಬ್ರೇಕಿನ ಹೊರೆ ಎಲ್ಲವೂ ಈ ಗೇಣುದ್ದದ ಕೊಳವೆಯ ಮೂಲಕವೇ ಹೋಗಬೇಕು.

ಎಲ್ಲಾ ಎಟಿವಿಗೂ ಇದು ಅನ್ವಯಿಸುತ್ತಾ?

ಇಲ್ಲ. ಹಿಂದೆ ಒಂದೇ ಗಟ್ಟಿ ಆಕ್ಸಲ್ ಇದ್ದು, ಚೈನಿನಲ್ಲಿ ಓಡುವ ಸ್ಪೋರ್ಟ್ ಎಟಿವಿಗಳಿಗೆ ಮಾತ್ರ. ಹೋಂಡಾ 400ಇಎಕ್ಸ್, 450ಆರ್, ಯಮಾಹಾ ರಾಪ್ಟರ್, ವೈಎಫ್‌ಝಡ್450, ಬ್ಯಾನ್ಶೀ, ಸುಜುಕಿ ಎಲ್‌ಟಿಝಡ್400 ಎಲ್ಲವೂ ಈ ಜಾತಿಯವು. ಹೊಲ, ತೋಟದ ಕೆಲಸಕ್ಕೆ ಬರುವ ದೊಡ್ಡ ಎಟಿವಿಗಳಲ್ಲಿ ಬಹಳಷ್ಟಕ್ಕೆ ಹಿಂದೆ ಪ್ರತಿ ಚಕ್ರ ತನ್ನಷ್ಟಕ್ಕೆ ಆಡುವ ಸ್ವತಂತ್ರ ಸಸ್ಪೆನ್ಶನ್ ಇರುತ್ತದೆ. ಅವುಗಳ ಕಥೆ ಬೇರೆ.

ಹಿಂದಿನ ಚಕ್ರ ಅಲ್ಲಾಡುತ್ತೆ. ಯಾವುದು ಹೋಗಿದೆ ಅಂತ ಹೇಗೆ ಕಂಡುಹಿಡಿಯೋದು?

ಗಾಡಿಯನ್ನು ಸ್ಟ್ಯಾಂಡ್ ಮೇಲೆ ಎತ್ತಿ, ಹಿಂದಿನ ಎರಡೂ ಚಕ್ರ ನೆಲ ಬಿಡಬೇಕು. ಒಂದು ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಇನ್ನೊಬ್ಬರು ಟಾರ್ಚ್ ಹಿಡಿದು ನೋಡಲಿ.

ಆಕ್ಸಲ್ ಸುಮ್ಮನಿದ್ದು ಚಕ್ರ ಮಾತ್ರ ಆಡಿದರೆ ಹಬ್ಬಿನ (ಚಕ್ರವನ್ನು ಆಕ್ಸಲ್‌ಗೆ ಕೂರಿಸುವ ಭಾಗ) ಸ್ಪ್ಲೈನ್, ಅಂದರೆ ಒಳಗಿನ ಹಲ್ಲುಗಳು, ಸವೆದಿದೆ, ಇಲ್ಲವೇ ಹಬ್ ನಟ್ ಸಡಿಲವಾಗಿದೆ. ಚಕ್ರದ ಜೊತೆ ಆಕ್ಸಲ್ ಆಡುತ್ತಿದ್ದು ಕ್ಯಾರಿಯರ್ ಅಲುಗದೆ ನಿಂತಿದ್ದರೆ ಬೇರಿಂಗ್ ಹೋಗಿದೆ. ಆಕ್ಸಲ್ ಜೊತೆ ಕ್ಯಾರಿಯರೂ ಆಡುತ್ತಿದ್ದರೆ ಅದು ಸ್ವಿಂಗ್‌ಆರ್ಮಿನೊಳಗೆ ಸಡಿಲವಾಗಿದೆ. ಇವೆಲ್ಲ ಒಟ್ಟಾಗಿ ಪಕ್ಕಕ್ಕೆ ವಾಲುತ್ತಿದ್ದರೆ ಮುಂದಿನ ಪಿವಟ್ ನೋಡಿ. ಪಿವಟ್ ಪರೀಕ್ಷೆಗೆ ತೋಳಿನ ಹಿಂತುದಿಯನ್ನು ಎಡಕ್ಕೆ ಬಲಕ್ಕೆ ತಳ್ಳಬೇಕು. ಮೇಲೆ ಕೆಳಗೆ ಅಲ್ಲಾಡಿಸಿದರೆ ಅದು ಗೊತ್ತಾಗುವುದಿಲ್ಲ.

ಕಣ್ಣಿಗೂ ಒಂದು ಗುರುತು ಸಿಗುತ್ತದೆ. ಕ್ಯಾರಿಯರ್ ಮತ್ತು ತೋಳು ಸೇರುವ ಕಡೆ ಬೂದು ಬಣ್ಣದ ನುಣುಪು ಪುಡಿ ಕಂಡರೆ ಎರಡು ಲೋಹ ಒಂದಕ್ಕೊಂದು ತಿಕ್ಕಾಡುತ್ತಿವೆ ಅಂತ ಅರ್ಥ. ಬೆರಳಲ್ಲಿ ಒರೆಸಿದರೆ ಪೆನ್ಸಿಲ್ ಸೀಸದ ಹಾಗೆ ಅಂಟುತ್ತದೆ. ಅದು ಕಂಡ ದಿನವೇ ಗಾಡಿ ನಿಲ್ಲಿಸಿ. ಆಗ ಬೋಲ್ಟ್ ಬಿಗಿ ಮಾಡಿದರೆ ಕೆಲಸ ಮುಗಿಯಬಹುದು. ಹಾಗೇ ಓಡಿಸುತ್ತಾ ಹೋದರೆ ತೋಳಿನ ತೂತು ಮೊಟ್ಟೆಯಾಕಾರ ಆಗುತ್ತದೆ, ಆಮೇಲೆ ತೋಳನ್ನೇ ಎಸೆಯಬೇಕಾಗುತ್ತದೆ.

ಬರೀ ಬೇರಿಂಗ್ ಬದಲಿಸಿದ್ರೆ ಸಾಲದಾ?

ಎಷ್ಟೋ ಸಲ ಸಾಕು. ಕ್ಯಾರಿಯರಿನ ಒಳಗೋಡೆಯಲ್ಲಿ ಬೇರಿಂಗ್ ಬಿಗಿಯಾಗಿ ಕೂರುತ್ತಿದ್ದರೆ ಹೊಸ ಕ್ಯಾರಿಯರ್ ತರುವ ಅಗತ್ಯವಿಲ್ಲ. ಕೈಯಲ್ಲಿ ಒತ್ತಿದರೇ ಬೇರಿಂಗ್ ಒಳಗೆ ಹೋಗುತ್ತಿದ್ದರೆ ಆ ಕ್ಯಾರಿಯರ್ ಮುಗಿದಿದೆ.

ಜನ ಮರೆಯುವುದು ಆಕ್ಸಲ್ಲನ್ನು. ಬೇರಿಂಗ್ ಕೂರುವ ಜಾಗದಲ್ಲಿ ಉಗುರು ಹಾಯಿಸಿ ನೋಡಿ. ಉಗುರು ಸಿಕ್ಕಿಕೊಂಡರೆ ಅಲ್ಲಿ ತೋಡು ಬಿದ್ದಿದೆ. ಬೇರಿಂಗ್ ಹಿಡಿದುಕೊಂಡಾಗ ಅದರ ಒಳಬಳೆ ಆಕ್ಸಲ್ ಮೇಲೇ ತಿರುಗಿ ಲೋಹ ತಿಂದಿರುತ್ತದೆ. ಅಂಥ ಆಕ್ಸಲ್ ಮೇಲೆ ಎಷ್ಟು ಒಳ್ಳೆಯ ಕ್ಯಾರಿಯರ್ ಹಾಕಿದರೂ ಆಟ ಹೋಗುವುದಿಲ್ಲ.

ದುಡ್ಡು ಒಂದಕ್ಕೇ ಇದೆ. ಸ್ವಿಂಗ್‌ಆರ್ಮಾ, ಕ್ಯಾರಿಯರ್ರಾ?

ಕ್ಯಾರಿಯರ್. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಉದ್ದನೆಯ ಹೊಳೆಯುವ ತೋಳು ಎಲ್ಲರ ಕಣ್ಣಿಗೂ ಬೀಳುತ್ತದೆ, ಕ್ಯಾರಿಯರ್ ಯಾರಿಗೂ ಕಾಣುವುದಿಲ್ಲ. ಆದರೆ ಕಂಪನಿಯ ತೋಳು ಬಾಗದೆ, ಬಿರುಕು ಬಿಡದೆ ಇದ್ದರೆ ವರ್ಷಗಟ್ಟಲೆ ದುಡಿಯುತ್ತದೆ. ಕಂಪನಿಯ ಕ್ಯಾರಿಯರ್ ನೀರು, ಕೆಸರು, ಅಗಲದ ಆಕ್ಸಲ್ ಮೂರನ್ನೂ ಒಟ್ಟಿಗೆ ತಡೆಯುವುದಿಲ್ಲ. ಓಡುವಾಗ ಬೇರಿಂಗ್ ಹಿಡಿದುಕೊಂಡರೆ ಹಿಂದಿನ ಚಕ್ರಗಳೆರಡೂ ಒಮ್ಮೆಗೇ ನಿಲ್ಲಬಹುದು. ಗುಡ್ಡದ ಇಳಿಜಾರಿನಲ್ಲಿ ಹಾಗಾದರೆ ಏನಾಗಬಹುದು ಅಂತ ಯೋಚಿಸಿ.

## ಯಾವುದನ್ನು ಆರಿಸಬೇಕು

ಟ್ವಿನ್ ರೋ ಕ್ಯಾರಿಯರ್ ಅಂತಾರಲ್ಲ, ಅದರಿಂದ ನಿಜಕ್ಕೂ ಲಾಭ ಇದೆಯಾ?

ಇದೆ. ಸಾಮಾನ್ಯ ಕ್ಯಾರಿಯರಿನಲ್ಲಿ ಬದಿಗೊಂದು ಸಾಲು ಗುಂಡು. ಟ್ವಿನ್ ರೋ ಕ್ಯಾರಿಯರಿನಲ್ಲಿ ಬದಿಗೆ ಎರಡು ಸಾಲು. ಹೊರೆ ಹಂಚಿಹೋಗುತ್ತದೆ, ಆಯಸ್ಸು ಜಾಸ್ತಿ.

ಸಾಲಿನಷ್ಟೇ ಮುಖ್ಯವಾದದ್ದು ಎಡ ಬಲ ಬೇರಿಂಗ್‌ಗಳ ನಡುವಿನ ದೂರ. ಒಂದು ಚಕ್ರಕ್ಕೆ ಕಲ್ಲು ಬಡಿದಾಗ ಆಕ್ಸಲ್ ಹಾರೆಕೋಲಿನ ಹಾಗೆ ಕೆಲಸ ಮಾಡುತ್ತದೆ. ಹಾರೆಯ ಉದ್ದ ಜಾಸ್ತಿಯಾದಷ್ಟೂ ಬೇರಿಂಗ್ ಮೇಲೆ ಹೊರೆ ಜಾಸ್ತಿ. ಬೇರಿಂಗ್‌ಗಳು ದೂರ ದೂರ ಇದ್ದಷ್ಟೂ ಹೊರೆ ಕಮ್ಮಿ. ಕೊಳ್ಳುವಾಗ ಬಣ್ಣ ನೋಡುವ ಬದಲು ಈ ದೂರ ಕೇಳಿ.

ಗ್ರೀಸ್ ನಿಪ್ಪಲ್ (ಹೊರಗಿಂದ ಗ್ರೀಸ್ ತುಂಬುವ ಮೂತಿ) ಇರುವ ಕ್ಯಾರಿಯರ್ ನನಗೆ ಇಷ್ಟ. ಆದರೆ ಗ್ರೀಸ್ ಗನ್ನಿನಲ್ಲಿ ಸಿಕ್ಕಾಪಟ್ಟೆ ತುಂಬಿದರೆ ಒತ್ತಡಕ್ಕೆ ಸೀಲ್ ಹೊರಗೆ ಬರುತ್ತದೆ, ಅಲ್ಲಿಂದಲೇ ಮರಳು ಒಳಗೆ ಹೋಗುತ್ತದೆ. ಎರಡು ಮೂರು ಸಲ ಒತ್ತಿದರೆ ಸಾಕು.

+2, +4, +6 ಅಂದ್ರೇನು? ನನಗೆ ಎಷ್ಟು ಬೇಕು?

ಕಂಪನಿಯ ತೋಳಿಗಿಂತ ಎಷ್ಟು ಇಂಚು ಉದ್ದ ಅನ್ನುವ ಲೆಕ್ಕ ಅದು. ತೋಳು ಉದ್ದವಾದಷ್ಟೂ ಹಿಂದಿನ ಚಕ್ರ ಹಿಂದೆ ಹೋಗುತ್ತದೆ, ಮುಂಭಾಗ ಸುಲಭಕ್ಕೆ ಮೇಲೇಳುವುದಿಲ್ಲ. ಕಡಿದಾದ ಮರಳುಗುಡ್ಡವನ್ನು ಪೂರ್ತಿ ಥ್ರಾಟಲ್‌ನಲ್ಲಿ ಹತ್ತುವಾಗ ಇದು ದೊಡ್ಡ ವರ. ಆದರೆ ಅದೇ ಗಾಡಿ ತಿರುವಿನಲ್ಲಿ ಲಾರಿಯ ಹಾಗೆ ಸುತ್ತುತ್ತದೆ.

ಮರಗಳ ನಡುವಿನ ದಾರಿ, ಕಲ್ಲುದಾರಿ, ಮೋಟೋಕ್ರಾಸ್ ಟ್ರ್ಯಾಕ್ ಆದರೆ ಕಂಪನಿಯ ಉದ್ದವೇ ಸರಿ. ಮರಳೂ ಬೇಕು, ದಾರಿಯೂ ಬೇಕು ಅನ್ನುವವರಿಗೆ +2. ನನ್ನ 400ಇಎಕ್ಸ್‌ನ ವೀಲ್‌ಬೇಸ್ (ಮುಂದಿನ ಚಕ್ರದ ಮಧ್ಯದಿಂದ ಹಿಂದಿನ ಚಕ್ರದ ಮಧ್ಯಕ್ಕೆ ಇರುವ ದೂರ) 48 ಇಂಚಿನ ಆಸುಪಾಸು, +2 ಹಾಕಿದ ಮೇಲೆ 50 ಆಯಿತು. ಕಾಗದದಲ್ಲಿ ಏನೂ ಅಲ್ಲ ಅನಿಸುತ್ತದೆ, ಹ್ಯಾಂಡಲ್ ಹಿಡಿದರೆ ಮೊದಲ ನಿಮಿಷಕ್ಕೇ ಗೊತ್ತಾಗುತ್ತದೆ. +4 ಗುಡ್ಡ ಹತ್ತುವುದೇ ಹುಚ್ಚಾದವರಿಗೆ. +6, ಅದರ ಮೇಲಿನವು ನೇರ ಡ್ರ್ಯಾಗ್ ಓಟಕ್ಕೆ. ಅಂಥ ಗಾಡಿಯನ್ನು ದಿನಬಳಕೆಗೆ ಇಟ್ಟುಕೊಂಡ ಗೆಳೆಯನೊಬ್ಬ ಒಂದೇ ಸೀಸನ್ನಿನಲ್ಲಿ ಹಳೇ ತೋಳನ್ನು ವಾಪಸ್ ಹಾಕಿದ.

ಉದ್ದದ ತೋಳು ಹಾಕಿದ ಮೇಲೆ ಹಿಂಭಾಗ ಮೆತ್ತಗಾಗಿದೆ. ಶಾಕ್ ಹೋಯ್ತಾ?

ಶಾಕ್ ಅಬ್ಸಾರ್ಬರ್ ಸರಿಯಾಗೇ ಇದೆ, ಸನ್ನೆಗೋಲಿನ ಲೆಕ್ಕ ಬದಲಾಗಿದೆ. ಶಾಕ್ ತೋಳಿಗೆ ಸೇರುವ ಜಾಗ ಮೊದಲಿನದೇ, ಚಕ್ರ ಮಾತ್ರ ದೂರ ಹೋಯಿತು. ಪಿವಟ್‌ನಿಂದ ಆಕ್ಸಲ್‌ಗೆ 20 ಇಂಚು ಇದ್ದದ್ದು 22 ಆಯಿತು ಅಂದುಕೊಳ್ಳಿ. ಸನ್ನೆ ನೂರಕ್ಕೆ 10ರಷ್ಟು ಬೆಳೆಯಿತು. ಚಕ್ರದ ಬಳಿ ಸಿಗುವ ಸ್ಪ್ರಿಂಗ್ ಗಡಸುತನ ಆ ಅನುಪಾತದ ವರ್ಗದಂತೆ ಇಳಿಯುತ್ತದೆ. 1.1 ಗುಣಿಸು 1.1 ಅಂದರೆ 1.21. ಅಂದರೆ ಗಡಸು ಸುಮಾರು ನೂರಕ್ಕೆ 17ರಷ್ಟು ಕಮ್ಮಿ. ಅದಕ್ಕೇ ಕುಂಡೆ ಕುಸಿದ ಹಾಗೆ ಅನಿಸುವುದು.

+2ಕ್ಕೆ ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಬಿಗಿ) ಏರಿಸಿ ನಿಭಾಯಿಸುವವರು ಬಹಳ. ಪ್ರಿಲೋಡ್ ಏರಿಸಿದರೆ ಎತ್ತರ ವಾಪಸ್ ಬರುತ್ತದೆ, ಗಡಸುತನ ಬರುವುದಿಲ್ಲ. ಜಿಗಿತ ಜಾಸ್ತಿ ಇದ್ದರೆ ಒಂದು ಹಂತ ಗಡಸಾದ ಸ್ಪ್ರಿಂಗ್ ಹಾಕಿಸಿ. ತೋಳಿನ ಜೊತೆಗೇ ಇದರ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಸ್ಟೀಲ್ ಒಳ್ಳೇದಾ, ಅಲ್ಯೂಮಿನಿಯಂ ಒಳ್ಳೇದಾ?

ತೋಳಿಗೆ 4130 ಕ್ರೋಮೋಲಿ ಸ್ಟೀಲ್ ನನ್ನ ಆಯ್ಕೆ. ಮುರಿಯುವ ಮೊದಲು ಬಾಗಿ ಸುಳಿವು ಕೊಡುತ್ತದೆ, ಸರಿಪಡಿಸಲೂ ಬರುತ್ತದೆ. ಅಲ್ಯೂಮಿನಿಯಂ ತೋಳು ಹಗುರ, ತುಕ್ಕು ಹಿಡಿಯುವುದಿಲ್ಲ. ಆದರೆ ಅದರ ಬಿರುಕುಗಳ ಮೇಲೆ ಕಣ್ಣಿಟ್ಟಿರಬೇಕು. ಕ್ಯಾರಿಯರ್ ವಿಷಯಕ್ಕೆ ಬಂದರೆ ಇಡೀ ಅಲ್ಯೂಮಿನಿಯಂ ಗಟ್ಟಿಯಿಂದ ಕಡೆದದ್ದು ಚೆನ್ನಾಗಿ ಬಾಳುತ್ತದೆ.

ನಮ್ಮೂರ ವೆಲ್ಡರ್ ಹತ್ರ ಹಳೇ ತೋಳನ್ನೇ ಉದ್ದ ಮಾಡಿಸಬಹುದಾ?

ದಯವಿಟ್ಟು ಬೇಡ. ವೆಲ್ಡರ್ ಎಷ್ಟೇ ಕೈಚಳಕದವರಿರಲಿ, ತುಂಡುಗಳನ್ನು ಅಲುಗದಂತೆ ಹಿಡಿಯುವ ಜಿಗ್ ಇಲ್ಲದೆ ಪಿವಟ್ ಮತ್ತು ಆಕ್ಸಲ್ ಸಮಾನಾಂತರ ಉಳಿಯುವುದಿಲ್ಲ. ವೆಲ್ಡ್ ತಣ್ಣಗಾಗುವಾಗ ಲೋಹವನ್ನು ಎಳೆದುಕೊಳ್ಳುತ್ತದೆ. ಅಲ್ಯೂಮಿನಿಯಂ ತೋಳಾದರೆ ಇನ್ನೂ ಕಷ್ಟ. 6061-ಟಿ6 ಅನ್ನುವ ಅಲ್ಯೂಮಿನಿಯಂ ಮಿಶ್ರಲೋಹಕ್ಕೆ ಬಲ ಬಂದಿರುವುದು ಶಾಖ ಕೊಟ್ಟು ಹದ ಮಾಡಿದ್ದರಿಂದ. ವೆಲ್ಡ್ ಮಾಡಿದ ಜಾಗದ ಸುತ್ತ ಆ ಬಲ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಮತ್ತೆ ಹದ ಮಾಡಿಸದೆ ಓಡಿಸಿದರೆ ಪ್ರಾಣದ ಜೊತೆ ಆಟ.

ಸೆಕೆಂಡ್ ಹ್ಯಾಂಡ್ ತೋಳು ಸಿಕ್ಕಿದೆ, ತಗೋಬಹುದಾ?

ತಗೊಳ್ಳಬಹುದು, ಅಳತೆ ಟೇಪ್ ಜೊತೆಗಿರಲಿ. ನಾನು ಮೊದಲು ಕೊಂಡ +2 ತೋಳು ಹೊಸದಾಗಿ ಪೌಡರ್ ಕೋಟ್ ಮಾಡಿದ್ದು, ಕನ್ನಡಿಯ ಹಾಗೆ ಮಿಂಚುತ್ತಿತ್ತು. ಹಾಕಿದ ಮೇಲೆ ಗಾಡಿ ನೇರ ದಾರಿಯಲ್ಲೂ ಏಡಿಯ ಹಾಗೆ ಓರೆ ಓಡುತ್ತಿತ್ತು. ಬಿಚ್ಚಿ ಅಳೆದರೆ ಪಿವಟ್ ಮಧ್ಯದಿಂದ ಆಕ್ಸಲ್ ಮಧ್ಯಕ್ಕೆ ಎಡಬದಿಗೂ ಬಲಬದಿಗೂ 4 ಎಂಎಂ ವ್ಯತ್ಯಾಸ. ಬಣ್ಣ ಕೆರೆದಾಗ ಹಿಂತುದಿಯ ವೆಲ್ಡ್ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು. ದುಡ್ಡು ಹೋದದ್ದಕ್ಕಿಂತ, ಅದರ ಮೇಲೆ ಎರಡು ವಾರಾಂತ್ಯ ನನ್ನ ಮಗಳನ್ನು ಓಡಿಸಲು ಬಿಟ್ಟಿದ್ದೆನಲ್ಲ ಅನ್ನುವುದು ಇವತ್ತಿಗೂ ಕಾಡುತ್ತದೆ.

ಹಾಗಾಗಿ ಎರಡೂ ಬದಿ ಅಳೆಯಿರಿ. ಕ್ಯಾರಿಯರ್ ಕೂರುವ ತೂತನ್ನು ಕ್ಯಾಲಿಪರ್‌ನಲ್ಲಿ ಅಡ್ಡಕ್ಕೂ ಉದ್ದಕ್ಕೂ ಅಳೆದು ನೋಡಿ. ಹೊಸ ಬಣ್ಣ ಕಂಡರೆ ಯಾಕೆ ಬಳಿಸಿದರು ಅಂತ ಕೇಳಿ. ಗೀಚುಬಿದ್ದ ಹಳೇ ಬಣ್ಣದ ತೋಳೇ ನನಗೆ ಹೆಚ್ಚು ನಂಬಿಕೆ.

ಹಿಂದಿನ ಆಕ್ಸಲ್ಲನ್ನೂ ಅಗಲ ಮಾಡ್ಲಾ?

ಎಲ್ಲಿ ಓಡಿಸುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಅಗಲವಾದರೆ ಮಗುಚುವ ಭಯ ಕಮ್ಮಿ. ಆದರೆ ಅಮೆರಿಕದ ಸರ್ಕಾರಿ ಕಾಡುಗಳಲ್ಲಿ ಬಹಳಷ್ಟು ಎಟಿವಿ ದಾರಿಗಳು 50 ಇಂಚು ಅಗಲದ ಒಳಗಿನ ಗಾಡಿಗೆ ಮಾತ್ರ. ಟೈರಿನ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು ಆಮೇಲೆ ತೀರ್ಮಾನ ಮಾಡಿ. ಅಗ್ಗವಾಗಿ ಸಿಗುವ ವೀಲ್ ಸ್ಪೇಸರ್ (ಹಬ್ ಮತ್ತು ಚಕ್ರದ ನಡುವೆ ಇಡುವ ದಪ್ಪ ಬಿಲ್ಲೆ) ಹಾಕಿದರೂ ಬೇರಿಂಗ್ ಮೇಲೆ ಬೀಳುವ ಹೊರೆ ಅಗಲದ ಆಕ್ಸಲ್ ಹಾಕಿದಷ್ಟೇ.

## ಬಿಚ್ಚುವಾಗ, ಜೋಡಿಸುವಾಗ

ಪಿವಟ್ ಬೋಲ್ಟ್ ಜಪ್ಪಯ್ಯ ಅಂದ್ರೂ ಬರ್ತಿಲ್ಲ. ಏನ್ಮಾಡ್ಲಿ?

ಹಳೇ ಗಾಡಿಗಳಲ್ಲಿ ಇಡೀ ಕೆಲಸದ ಅತಿ ಕಷ್ಟದ ಭಾಗ ಇದೇ. ಬೋಲ್ಟ್ ತೋಳಿನೊಳಗಿನ ಬಳೆಗೆ (ಬುಷ್) ತುಕ್ಕು ಹಿಡಿದು ಒಂದಾಗಿರುತ್ತದೆ. ತುಕ್ಕು ಬಿಡಿಸುವ ಎಣ್ಣೆಯನ್ನು ಎರಡೂ ಕಡೆಯಿಂದ ಬಿಟ್ಟು ಒಂದು ರಾತ್ರಿ ಸುಮ್ಮನೆ ಬಿಡಿ. ಮರುದಿನ ಮೊದಲು ತಿರುಗಿಸಲು ನೋಡಿ, ಹೊಡೆಯಲು ಹೋಗಬೇಡಿ. ಸ್ವಲ್ಪ ತಿರುಗಿದರೆ ಅರ್ಧ ಗೆದ್ದ ಹಾಗೆ. ಹೊಡೆಯಲೇಬೇಕಾದರೆ ನಟ್ಟನ್ನು ತುದಿಗೆ ಸಮವಾಗಿ ತಿರುಗಿಸಿಟ್ಟು, ಅದರ ಮೇಲೆ ಹಿತ್ತಾಳೆ ತುಂಡು ಇಟ್ಟು ಹೊಡೆಯಿರಿ, ಬೋಲ್ಟಿನ ಮರೆ (ಥ್ರೆಡ್) ಹಾಳಾಗುವುದಿಲ್ಲ. ಕೆಲವು ಮಾದರಿಗಳಲ್ಲಿ ಈ ಬೋಲ್ಟ್ ಇಂಜಿನ್ ಕೇಸಿನ ಮೂಲಕವೇ ಹೋಗುತ್ತದೆ. ಅಲ್ಲಿ ಸುತ್ತಿಗೆಯ ಒರಟುತನ ಕೇಸನ್ನೇ ಸೀಳಬಹುದು.

ಹಾಕುವಾಗ ಬೋಲ್ಟಿಗೆ ಧಾರಾಳವಾಗಿ ವಾಟರ್‌ಪ್ರೂಫ್ ಗ್ರೀಸ್ ಹಚ್ಚಿ. ಮುಂದಿನ ಸಲ ಬಿಚ್ಚುವವರು ನಿಮ್ಮನ್ನು ನೆನೆಯುತ್ತಾರೆ.

ಸುತ್ತಿಗೆಯಲ್ಲಿ ಹೊಡೆದು ಬೇರಿಂಗ್ ಕೂರಿಸಿದೆ. ಈಗ ಗರಗರ ಅಂತಿದೆ. ಯಾಕೆ?

ಒಳಬಳೆಗೆ ಹೊಡೆದಿರುತ್ತೀರಿ. ಆ ಪೆಟ್ಟು ಗುಂಡುಗಳ ಮೂಲಕ ಹಾದು ಹೊರಬಳೆಯಲ್ಲಿ ಸಣ್ಣ ಗುಳಿ ಮಾಡಿರುತ್ತದೆ. ಆ ಬೇರಿಂಗ್ ಬಿಸಾಕಿ.

ನಾನು ಮಾಡುವುದು ಹೀಗೆ. ಬೇರಿಂಗ್‌ಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಹಿಂದಿನ ರಾತ್ರಿಯೇ ಫ್ರೀಜರಿಗೆ ಹಾಕುತ್ತೇನೆ. ಬೆಳಿಗ್ಗೆ ಸೀಲ್ ತೆಗೆದು, ತೊಳೆದು ಒಣಗಿಸಿದ ಖಾಲಿ ಕ್ಯಾರಿಯರನ್ನು ಹಳೇ ಓವನ್ನಿನಲ್ಲಿ ಸುಮಾರು 100 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡುತ್ತೇನೆ. ಅಲ್ಯೂಮಿನಿಯಂ ಹಿಗ್ಗಿರುತ್ತದೆ, ಬೇರಿಂಗ್ ಕುಗ್ಗಿರುತ್ತದೆ. ನೇರ ಹಿಡಿದು ಬಿಟ್ಟರೆ ಠಕ್ ಅಂತ ತಳಕ್ಕೆ ಕೂರುತ್ತದೆ. ಆ ಸದ್ದು ಕೇಳಲು ಬಲು ಖುಷಿ. ಓರೆಯಾಗಿ ಅರ್ಧಕ್ಕೆ ನಿಂತರೆ ಹೊರಬಳೆಯಷ್ಟೇ ಅಗಲದ ಸಾಕೆಟ್ ಇಟ್ಟು, ಹೊರಬಳೆಯನ್ನು ಮಾತ್ರ ಒತ್ತಿ.

ಹೊಸ ಬೇರಿಂಗ್ ಎರಡೇ ವಾರಕ್ಕೆ ಹೋಯ್ತು. ಮಾಲೇ ಕೆಟ್ಟದ್ದಾ?

ಇರಬಹುದು, ಆದರೆ ಮೊದಲು ನಡುವಿನ ಸ್ಪೇಸರ್ ನೋಡಿ. ಎರಡು ಬೇರಿಂಗ್‌ಗಳ ಒಳಬಳೆಗಳ ನಡುವೆ ಒಂದು ಸ್ಟೀಲ್ ಕೊಳವೆ ಇರಬೇಕು. ಆಕ್ಸಲ್ ನಟ್ ಬಿಗಿ ಮಾಡಿದಾಗ ಒತ್ತಡ ಒಳಬಳೆಯಿಂದ ಕೊಳವೆಗೆ, ಕೊಳವೆಯಿಂದ ಆಚೆಯ ಒಳಬಳೆಗೆ ಹೋಗುತ್ತದೆ, ಗುಂಡುಗಳಿಗೆ ತಾಗುವುದಿಲ್ಲ. ಆ ಕೊಳವೆ ಕಳೆದುಹೋಗಿದ್ದರೆ, ಅಥವಾ ಸವೆದು ಗಿಡ್ಡವಾಗಿದ್ದರೆ, ನಟ್ಟಿನ ಪೂರ್ತಿ ಬಿಗಿ ಗುಂಡುಗಳ ಮೇಲೆ ಅಡ್ಡಕ್ಕೆ ಬೀಳುತ್ತದೆ. ಎಂಥ ಬೇರಿಂಗ್ ಆದರೂ ಸುಟ್ಟುಹೋಗುತ್ತದೆ. ಪರೀಕ್ಷೆ ಸುಲಭ: ನಟ್ ಬಿಗಿ ಮಾಡುವ ಮೊದಲು, ಮಾಡಿದ ಮೇಲೆ ಆಕ್ಸಲ್ ಕೈಯಲ್ಲಿ ತಿರುಗಿಸಿ. ಬಿಗಿ ಮಾಡಿದ ಮೇಲೆ ಗಟ್ಟಿಯಾಯಿತು ಅಂದರೆ ಸ್ಪೇಸರ್ ಸರಿಯಿಲ್ಲ.

ಇನ್ನೊಂದು ಕಾರಣ ಪ್ರೆಷರ್ ವಾಷರ್. ಕ್ಯಾರಿಯರ್ ಸೀಲಿಗೆ ನೇರ ನೀರು ಹೊಡೆಯಬೇಡಿ.

ಚೈನ್ ಎಷ್ಟು ಲಿಂಕ್ ಜಾಸ್ತಿ ಬೇಕು?

ತೋಳು 1 ಇಂಚು ಉದ್ದವಾದರೆ ಚೈನ್ 2 ಇಂಚು ಉದ್ದವಾಗಬೇಕು, ಮೇಲೊಂದು ಕೆಳಗೊಂದು. 520 ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ 15.875 ಎಂಎಂ, ಅಂದರೆ ಇಂಚಿನ ಎಂಟರಲ್ಲಿ ಐದು ಭಾಗ. +2ಕ್ಕೆ 4 ಇಂಚು ಬೇಕು, ಅದು 6.4 ಲಿಂಕ್. ಚೈನ್ ಕೂಡಿಸುವುದು ಸಮಸಂಖ್ಯೆಯಲ್ಲಿ, ಹಾಗಾಗಿ 6 ಅಥವಾ 8. ಚೈನಿನ ಬಿಗಿ ಹೊಂದಿಸುವ ಅಡ್ಜಸ್ಟರ್ ಯಾವ ಕಡೆ ಜಾಗ ಕೊಡುತ್ತದೆ ನೋಡಿ ಆರಿಸಿ. ಸುಮ್ನೆ ಉದ್ದದ ಚೈನ್ ತಂದು ಗಾಡಿಯ ಮೇಲೆ ಇಟ್ಟು ಕತ್ತರಿಸುವುದೇ ವಾಸಿ.

ಹಿಂದಿನ ಬ್ರೇಕಿನ ಹೋಸನ್ನೂ ಮರೆಯಬೇಡಿ. ತೋಳು ಪೂರ್ತಿ ಕೆಳಗೆ ತೂಗಿದಾಗ ಹೋಸ್ ಬಿಗಿಯಾದರೆ ಉದ್ದದ್ದು ತರಿಸಬೇಕು.

ಚೈನ್ ಸಡಿಲ ಎಷ್ಟು ಬಿಡಬೇಕು? ಪುಸ್ತಕದ ಅಳತೆ ಈಗಲೂ ನಡೆಯುತ್ತಾ?

ತೋಳು ಬದಲಾದ ಮೇಲೆ ಕಂಪನಿಯ ಸರ್ವಿಸ್ ಪುಸ್ತಕದ ಅಳತೆಯನ್ನು ನಂಬಬೇಡಿ, ನೀವೇ ಅಳತೆ ಮಾಡಿಕೊಳ್ಳಿ. ಮುಂದಿನ ಸ್ಪ್ರಾಕೆಟ್, ಪಿವಟ್, ಆಕ್ಸಲ್ ಮೂರರ ಮಧ್ಯಗಳು ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿ ಇರುತ್ತದೆ. ಶಾಕಿನ ಕೆಳಗಿನ ಬೋಲ್ಟ್ ತೆಗೆದು ತೋಳನ್ನು ಆ ಗೆರೆಯವರೆಗೆ ಎತ್ತಿ, ಅಡಿಗೆ ಮರದ ತುಂಡು ಕೊಡಿ. ಅಲ್ಲಿ ಬೆರಳಲ್ಲಿ ಒತ್ತಿದರೆ ಚೂರು ಆಡುವಷ್ಟು ಸಡಿಲ ಇಡಿ. ಶಾಕ್ ವಾಪಸ್ ಹಾಕಿ, ಗಾಡಿ ನೆಲದ ಮೇಲೆ ನಿಂತಾಗ ಚೈನ್ ಎಷ್ಟು ಆಡುತ್ತದೆ ಅಂತ ಅಳೆದು ಬರೆದಿಟ್ಟುಕೊಳ್ಳಿ. ಇನ್ನು ಮುಂದೆ ನಿಮ್ಮ ಅಳತೆ ಅದೇ. ನನ್ನದನ್ನು ಏರ್‌ಬಾಕ್ಸ್ ಮುಚ್ಚಳದ ಒಳಗೆ ಮಾರ್ಕರಿನಲ್ಲಿ ಬರೆದಿದ್ದೇನೆ.

ಆಕ್ಸಲ್ ನಟ್ ಪದೇ ಪದೇ ಬಿಚ್ಚಿಕೊಳ್ಳುತ್ತೆ

ಬಹಳ ಗಾಡಿಗಳಲ್ಲಿ ಅಲ್ಲಿ ಜೋಡಿ ನಟ್ ಇರುತ್ತವೆ. ಒಳಗಿನದನ್ನು ಪುಸ್ತಕದಲ್ಲಿ ಹೇಳಿದ ಟಾರ್ಕಿಗೆ (ಬಿಗಿಯ ಅಳತೆಗೆ) ಬಿಗಿ ಮಾಡಿ, ಅದನ್ನು ಹಿಡಿದುಕೊಂಡೇ ಹೊರಗಿನದನ್ನು ಅದರ ವಿರುದ್ಧ ಬಿಗಿಯಬೇಕು. ಒಂದೇ ಸ್ಪ್ಯಾನರ್ ಇಟ್ಟುಕೊಂಡು ಮಾಡಲು ಹೋದರೆ ಎರಡೂ ಒಟ್ಟಿಗೆ ತಿರುಗಿ, ಬಿಗಿಯಾದ ಹಾಗೆ ಕಾಣುತ್ತವೆ ಅಷ್ಟೆ. ಮರೆಯ ಎಣ್ಣೆ ಪೂರ್ತಿ ಒರೆಸಿ, ನಟ್ ಸಡಿಲವಾಗದಂತೆ ಹಿಡಿಯುವ ಅಂಟು, ಅಂದರೆ ಥ್ರೆಡ್‌ಲಾಕ್ ಹಾಕಿ. ಕೆಂಪು ಬಣ್ಣದ್ದು ಹಾಕಿದರೆ ಮುಂದೆ ಬಿಚ್ಚಲು 250 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಿಸಿ ಮಾಡಬೇಕಾಗುತ್ತದೆ. ಪಕ್ಕದಲ್ಲೇ ಬೇರಿಂಗಿನ ರಬ್ಬರ್ ಸೀಲ್ ಇರುತ್ತದೆ ಅನ್ನುವುದು ನೆನಪಿರಲಿ.

ಕೊಡಗಿನ ರೆಸಾರ್ಟಿನಲ್ಲಿ ಸಣ್ಣ ಎಟಿವಿಗಳಿವೆ, ಇಲ್ಲಿ ಈ ಪಾರ್ಟ್ಸ್ ಸಿಗಲ್ಲ. ನಾವೇನು ಮಾಡೋದು?

ಬಾಡಿಗೆ ಗಾಡಿಗೆ ಉದ್ದದ ತೋಳು ಬೇಕೇ ಇಲ್ಲ. ನಿಮಗೆ ಬೇಕಾಗಿರುವುದು ಮಳೆಗಾಲ ತಡೆಯುವ ಬೇರಿಂಗ್. ಹಳೇ ಬೇರಿಂಗಿನ ಪಕ್ಕದಲ್ಲಿ ನಂಬರ್ ಕೊರೆದಿರುತ್ತದೆ. 6007 ಇದ್ದರೆ ಕೊನೆಯ ಎರಡು ಅಂಕಿಯನ್ನು 5ರಿಂದ ಗುಣಿಸಿ, 35 ಎಂಎಂ ಒಳ ವ್ಯಾಸ. ಅದರ ಹೊರ ವ್ಯಾಸ 62, ದಪ್ಪ 14 ಎಂಎಂ. 6205 ಅಂದರೆ 25, 52, 15. ಇವು ಎಟಿವಿಗೇ ಅಂತ ಮಾಡಿದ ಮಾಲಲ್ಲ, ಜಗತ್ತಿಗೆಲ್ಲ ಒಂದೇ ಅಳತೆ. ಆ ನಂಬರ್ ಹಿಡಿದು ಬೆಂಗಳೂರಿನ ಜೆ.ಸಿ. ರಸ್ತೆಗೋ, ನಿಮ್ಮ ಜಿಲ್ಲಾ ಕೇಂದ್ರದ ಬೇರಿಂಗ್ ಅಂಗಡಿಗೋ ಹೋಗಿ. ನಂಬರಿನ ಹಿಂದೆ 2ಆರ್‌ಎಸ್ ಇರುವುದನ್ನೇ ಕೇಳಿ, ಅಂದರೆ ಎರಡೂ ಬದಿ ರಬ್ಬರ್ ಸೀಲ್. ಹಾಕುವ ಮೊದಲು ಒಂದು ಬದಿಯ ಸೀಲನ್ನು ಪಿನ್ನಿನಲ್ಲಿ ಮೆಲ್ಲಗೆ ಎಬ್ಬಿಸಿ, ಒಳಗೆ ಇನ್ನಷ್ಟು ಗ್ರೀಸ್ ತುಂಬಿ ಮುಚ್ಚಿ. ಅಂಗಡಿಯಿಂದ ಬರುವಾಗ ಅದರಲ್ಲಿ ಗ್ರೀಸ್ ಕಮ್ಮಿ ಇರುತ್ತದೆ.

ಎಲ್ಲಾ ಹಾಕಿ ಆಯ್ತು. ಮೊದಲ ಸವಾರಿ ಆದಮೇಲೆ ಏನು ನೋಡಬೇಕು?

ಹೊರಡುವ ಮೊದಲೇ ಪ್ರತಿ ನಟ್ ಮತ್ತು ಅದರ ಪಕ್ಕದ ಲೋಹದ ಮೇಲೆ ಸೇರಿಸಿ ಬಿಳಿ ಪೇಂಟ್ ಮಾರ್ಕರಿನಲ್ಲಿ ಒಂದು ಗೆರೆ ಎಳೆಯಿರಿ. ಪಿವಟ್, ಕ್ಯಾರಿಯರ್ ಬೋಲ್ಟ್, ಆಕ್ಸಲ್ ನಟ್, ಹಬ್ ನಟ್, ಶಾಕಿನ ಬೋಲ್ಟ್. ಅರ್ಧ ಗಂಟೆ ನಿಧಾನಕ್ಕೆ ಓಡಿಸಿ ನಿಲ್ಲಿಸಿ. ಕ್ಯಾರಿಯರಿನ ಎರಡೂ ಬದಿ ಅಂಗೈ ಹತ್ತಿರ ಹಿಡಿದು ಶಾಖ ನೋಡಿ. ಎರಡೂ ಬದಿ ಸಮನಾಗಿ ಬೆಚ್ಚಗಿದ್ದರೆ ಸರಿ. ಬ್ರೇಕ್ ಡಿಸ್ಕ್ ಇರುವ ಬದಿ ಸ್ವಲ್ಪ ಹೆಚ್ಚು ಬೆಚ್ಚಗಿರುವುದು ಸಹಜ, ಕೈ ಹಿಡಿಯಲಾಗದಷ್ಟು ಬಿಸಿಯಾದರೆ ಆ ಬದಿಯ ಬೇರಿಂಗ್ ಒತ್ತಡದಲ್ಲಿದೆ, ಗಾಡಿಯನ್ನು ಟ್ರೇಲರಿಗೆ ಹಾಕಿ ಮನೆಗೆ ತನ್ನಿ. ಆಮೇಲೆ ಬಿಳಿ ಗೆರೆಗಳನ್ನು ಒಂದೊಂದಾಗಿ ನೋಡುತ್ತಾ ಹೋಗಿ. ಗೆರೆ ಮುರಿದು ಪಕ್ಕಕ್ಕೆ ಸರಿದಿದ್ದರೆ ಆ ನಟ್ ತಿರುಗಿದೆ.